ಚೆಂಡು ಮುಟ್ಟದ ಸ್ಟಾರ್

ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಟೀಮಿನ ಹೊಸ ಸ್ಟಾರ್ ಉಮೇಶ ಚೆಂಡು ಹಿಡಿದಿರುವ ಫೋಟೊ ಬೇಕು ಅಂತ ನಮ್ಮ ಎಡಿಟರ್ ನನ್ನನ್ನು ಜಯನಗರದ ಮೈದಾನಕ್ಕೆ ಅಟ್ಟಿದ್ದರು. ಅರ್ಧ ಮ್ಯಾಚ್ ಮುಗಿದರೂ ಆಸಾಮಿ ಚೆಂಡು ಮುಟ್ಟಲಿಲ್ಲ. ಚೆಂಡು ಹಿಡಿದು ಓಡುವವರ ಮೇಲೆ ಬೀಳುತ್ತಿದ್ದ, ಜನ ಶಿಳ್ಳೆ ಹೊಡೆಯುತ್ತಿದ್ದರು. ಆಟವೋ ಜಗಳವೋ ನನಗೆ ತಿಳಿಯಲಿಲ್ಲ. ಇನ್ನೂ ವಿಚಿತ್ರ ಅಂದ್ರೆ, ಪ್ರತಿ ಸಲ ಆಟ ನಿಂತು ಮತ್ತೆ ಶುರುವಾಗೋ ಮುಂಚೆ ಪಕ್ಕದವನ ಕೈ ಹಿಡಿದುಕೊಳ್ಳುತ್ತಿದ್ದ.

“ಕೈ ಬಿಡೋ! ಇನ್ನೊಂದ್ಸಲ ಹಿಡಿದ್ರೆ ಆಚೆ ಕೂರಿಸ್ತೀನಿ!” ಅಂತ ಕೋಚ್ ಕೂಗಿದರು.

ಬಿಡುವಿನಲ್ಲಿ ಉಮೇಶನನ್ನು ಕೇಳಿದೆ, “ಚೆಂಡು ಯಾವಾಗಪ್ಪಾ ಹಿಡೀತೀಯ?”

“ನಾನು ಲೈನ್‌ಬ್ಯಾಕರ್ ಸಾರ್. ಚೆಂಡು ಹಿಡಿದವನನ್ನ ಕೆಡವೋದೇ ನನ್ನ ಕೆಲಸ.”

“ಮತ್ತೆ ಕೈ ಹಿಡಿಯೋದು?”

“ಹೋದ ವರ್ಷದವರೆಗೂ ಕೋಣನಕುಂಟೇಲಿ ಕಬಡ್ಡಿ ಆಡ್ತಿದ್ದೆ ಸಾರ್. ಎದುರಾಳಿ ಬಂದ್ರೆ ಕೈ ತಾನಾಗೇ ಪಕ್ಕದವನನ್ನ ಹುಡುಕತ್ತೆ.”

ಕೊನೆಗೆ, ಚೆಂಡು ಹಿಡಿದು ಬರುತ್ತಿದ್ದ ಎದುರಿನವನು ಗೆರೆ ದಾಟಿದರೆ ಸೋಲು ಅನ್ನುವಾಗ, ಉಮೇಶ ಮತ್ತೆ ಪಕ್ಕದವನ ಕೈ ಹಿಡಿದ. ಇಬ್ಬರೂ ಸೇರಿ ಅವನನ್ನು ಸುತ್ತುಹಾಕಿ ಕೆಡವಿದರು. ಗೆದ್ದರು. ಬೈಯೋದೋ ಅಪ್ಪಿಕೊಳ್ಳೋದೋ ತಿಳಿಯದೆ ಕೋಚ್ ಸೀಟಿ ಕಚ್ಚಿಕೊಂಡು ನಿಂತಿದ್ದರು.

ಅವರು ಒಬ್ಬರ ಮೇಲೊಬ್ಬರು ಬಿದ್ದಿದ್ದ ಆ ಕ್ಷಣದ ಫೋಟೊ ನೋಡಿದ ಎಡಿಟರ್, “ಚೆಂಡು ಎಲ್ಲಯ್ಯಾ?” ಅಂದರು.

“ಅವರೆಲ್ಲರ ಕೆಳಗಿದೆ ಸಾರ್,” ಅಂದೆ. “ಅದನ್ನ ಅಲ್ಲೇ ಇಟ್ಟಿದ್ದಕ್ಕೇ ತಾನೆ ಅವನು ಸ್ಟಾರ್?”