ನಂಗಲಿಯಲ್ಲಿ ಇಳಿದ ಶನಿವಾರ

ಹೋದ ವರ್ಷದ ಕಾರ್ತಿಕ ಮಾಸ. ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಒಂದು ಸಂಜೆ ಅಮ್ಮ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ, "ಅತ್ತಿಗೇನ ಆವಣಿ ಬೆಟ್ಟಕ್ಕೆ ಕರ್ಕೊಂಡು ಹೋಗಿ ಬಾರೇ. ಸೀತಮ್ಮನಿಗೆ ಹರಕೆ ಹೊತ್ಕೊಂಡು ಬರ್ಲಿ. ಸೋಮವಾರದೊಳಗೆ ಆಗ್ಬೇಕು" ಎಂದಳು.

ಸೋಮವಾರ ಅತ್ತಿಗೆಯ ಚಿಕಿತ್ಸೆ ಮೂರನೇ ಸಲ ಶುರುವಾಗುವುದಿತ್ತು. ಹಿಂದಿನ ಎರಡು ಸಲವೂ ಬಸಿರು ನಿಂತು, ನಾಲ್ಕೈದು ತಿಂಗಳಿಗೆ ಹೋಗಿತ್ತು. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಸೀತೆ ಲವಕುಶರನ್ನು ಹೆತ್ತಳೆಂದು ಜನ ನಂಬುತ್ತಾರೆ. ಮಕ್ಕಳಾಗಲೆಂದು ಬೆಟ್ಟದ ಮೇಲಿನ ಗುಡಿಗೆ ಹರಕೆ ಹೊರುತ್ತಾರೆ. ಅಮ್ಮ ಮಾಲೂರಿನವಳು, ಚಿಕ್ಕಂದಿನಿಂದ ಇದನ್ನು ಕೇಳಿ ಬೆಳೆದವಳು. ಮಂಡಿನೋವಿನಿಂದ ಅವಳಿಗೆ ಬೆಟ್ಟ ಹತ್ತಲಾಗುವುದಿಲ್ಲ. ಬ್ಯಾಂಕಿನಲ್ಲಿರುವ ಅಣ್ಣನಿಗೆ ಆ ಶನಿವಾರ ರಜೆಯಿರಲಿಲ್ಲ. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು.

ಇದನ್ನು ಅತ್ತಿಗೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಮಾತು ಕಡಿಮೆ. ಆದರೆ ಇಂಥ ಕೆಲಸ ಕೊಟ್ಟರೆ ನನಗೆ ಖುಷಿ. ಎರಡು ರಾತ್ರಿ ಕೂತು ದಿನದ ಪಟ್ಟಿ ತಯಾರಿಸಿದೆ. ಆರೂಮುಕ್ಕಾಲಕ್ಕೆ ಕೆ.ಆರ್. ಪುರದಲ್ಲಿ ಬಸ್ಸು. ಮುಳಬಾಗಿಲಿನಲ್ಲಿ ತಿಂಡಿ. ಅಲ್ಲಿಂದ ಆವಣಿಗೆ ಆಟೋ. ಬಿಸಿಲೇರುವ ಮೊದಲು ಬೆಟ್ಟ. ದರ್ಶನ ಮತ್ತು ಹರಕೆಗೆ ಇಪ್ಪತ್ತೈದು ನಿಮಿಷ. ಕೆಳಗೆ ರಾಮಲಿಂಗೇಶ್ವರ ದೇವಸ್ಥಾನ, ಊಟ, ಸಂಜೆ ಆರಕ್ಕೆ ಮನೆ. ಏನಾದರೂ ತಪ್ಪಿದರೆ ಇರಲಿ ಎಂದು ನಡುವೆ ಒಂದು ಗಂಟೆ ಬಿಡಿಯಾಗಿ ಇಟ್ಟುಕೊಂಡಿದ್ದೆ. ಪಟ್ಟಿಯನ್ನು ಅತ್ತಿಗೆಗೆ ತೋರಿಸಿದೆ. ಅವರು ಓದಿ, "ಚೆನ್ನಾಗಿದೆ ಕಣೇ" ಎಂದು ಹಿಂದಿರುಗಿಸಿದರು.

ಶನಿವಾರ ನಮ್ಮ ಬಸ್ಸು ಏಳು ಗಂಟೆಯಾದರೂ ಬರಲಿಲ್ಲ. ಅಷ್ಟರಲ್ಲಿ ತಿರುಪತಿಗೆ ಹೋಗುವ ಆಂಧ್ರದ ಬಸ್ಸೊಂದು ಬಂದು ನಿಂತಿತು. ಕೋಲಾರ, ಮುಳಬಾಗಿಲು ದಾಟಿಯೇ ಅದು ಹೋಗಬೇಕೆಂದು ನನಗೆ ಗೊತ್ತಿತ್ತು. ನನಗೆ ತೆಲುಗು ಬರುವುದಿಲ್ಲ. ಅತ್ತಿಗೆ ಶ್ರೀನಿವಾಸಪುರದ ಕಡೆಯವರು, ತವರಿನಲ್ಲಿ ತೆಲುಗೇ ಮಾತು. "ಮುಳಬಾಗಿಲಿಗೆ ಹೋಗುತ್ತಾ ಕೇಳಿ ಅತ್ತಿಗೆ" ಎಂದೆ. ಅವರು ಕಂಡಕ್ಟರ್ ಜೊತೆ ಏನೋ ಮಾತಾಡಿದರು. ಆತ ಕೈಯಾಡಿಸುತ್ತ ಬೇಗಬೇಗ ಏನೋ ಹೇಳಿದ. ಅತ್ತಿಗೆ ಪರ್ಸು ತೆಗೆಯುತ್ತ, "ಹತ್ತು" ಎಂದರು. ಟಿಕೆಟನ್ನೂ ಅವರೇ ತೆಗೆದುಕೊಂಡರು.

ನರಸಾಪುರದ ಹತ್ತಿರ ಪಾಳಿ ಮುಗಿಸಿದವರನ್ನು ತುಂಬಿಕೊಂಡ ಕಂಪನಿ ಬಸ್ಸುಗಳ ಸಾಲು ಎದುರಾಯಿತು. ಕೋಲಾರ ದಾಟಿತು. ನಾನು ಗಡಿಯಾರ ನೋಡಿಕೊಂಡು, ತಡವಾದದ್ದು ಹದಿನೈದೇ ನಿಮಿಷ ಎಂದು ಸಮಾಧಾನಪಟ್ಟೆ. ಸ್ವಲ್ಪ ಹೊತ್ತಿಗೆ ಮುಳಬಾಗಿಲಿನ ಬೆಟ್ಟ ಕಾಣಿಸಿತು. ಬ್ಯಾಗು ಹೆಗಲಿಗೇರಿಸಿದೆ. ಬಸ್ಸು ಊರಿನ ಕಡೆ ತಿರುಗಲಿಲ್ಲ. ಹೆದ್ದಾರಿಯಲ್ಲಿ ನೇರವಾಗಿ ಓಡುತ್ತಲೇ ಇತ್ತು. ಬೆಟ್ಟ ಹಿಂದಕ್ಕೆ ಸರಿಯಿತು.

ಎದ್ದು ಕಂಡಕ್ಟರ್ ಹತ್ತಿರ ಹೋದೆ. ಆತ ಅಡ್ಡಾದಿಡ್ಡಿ ಕನ್ನಡದಲ್ಲಿ, "ಆ ಮೇಡಂಗೆ ಹೇಳಿದ್ನಲ್ಲಮ್ಮಾ, ಊರೊಳಕ್ಕೆ ಪೋಯೇದಿಲ್ಲ ಅಂತ. ಟಿಕೆಟ್ಟೂ ನಂಗಲಿಗೇ ಕೊಟ್ಟಿರೋದು" ಎಂದ.

ಸೀಟಿಗೆ ವಾಪಸು ಬಂದೆ. ಅತ್ತಿಗೆ ಕಿಟಕಿಯಾಚೆ ನೋಡುತ್ತಿದ್ದರು. ನಾನು ಏನೂ ಕೇಳಲಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಇನ್ನೊಬ್ಬರ ಮನಸ್ಸನ್ನು ಕೆದಕುವುದು ನನ್ನ ಸ್ವಭಾವವಲ್ಲ. ಅದರ ಬದಲು ಪಟ್ಟಿ ತೆಗೆದು, ಬಿಡಿಯಾಗಿಟ್ಟಿದ್ದ ಒಂದು ಗಂಟೆಯಲ್ಲಿ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ.

ನಂಗಲಿಯಲ್ಲಿ ಇಳಿದೆವು. ರಸ್ತೆಯ ಎರಡೂ ಕಡೆ ಲಾರಿಗಳು. ಒಂದು ಪಂಕ್ಚರ್ ಅಂಗಡಿ, ಪಕ್ಕದಲ್ಲಿ ತಗಡಿನ ಚಪ್ಪರದ ಚಹಾದಂಗಡಿ. ಐವತ್ತು ದಾಟಿದ ಮುಸ್ಲಿಂ ಹೆಂಗಸೊಬ್ಬರು ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ಬೋಂಡಾ ಕರಿಯುತ್ತಿದ್ದರು. ಲಾರಿಯವರೆಲ್ಲ ಅವರನ್ನು ಜಮೀಲಕ್ಕ ಎಂದು ಕರೆಯುತ್ತಿದ್ದರು. ಮುಳಬಾಗಿಲಿಗೆ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿದೆ.

"ಇಲ್ಲೇ ಬರ್ತದೆ, ಅರ್ಧ ಗಂಟೆ. ಎಲ್ಗೆ ಹೋಗ್ಬೇಕಮ್ಮಾ?"

"ಆವಣಿಗೆ."

"ಅರೆ ಅಲ್ಲಾ! ಆವಣಿ ಹಿಂದೇನೇ ಬಿಟ್ಬಿಟ್ರಲ್ಲ. ಇದು ಬಾರ್ಡರು. ಇನ್ನೊಂಚೂರು ಕೂತಿದ್ರೆ ಆಂಧ್ರದ ಪಲಮನೇರಲ್ಲಿ ಇಳ್ಸಿರೋನು" ಎಂದು ನಕ್ಕು, ಬೆಂಚು ಒರೆಸಿ ನಮ್ಮನ್ನು ಕೂರಿಸಿದರು. ಚಹಾ ಕೊಡುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬೆಟ್ಟದ ಮೇಲಿನ ಗುಡೀಗಾ? ಯಾರಿಗೆ ಮಗು ಬೇಕಾಗಿರೋದು, ನಿಂಗಾ?"

"ನನಗೆ ಮದುವೆಯಾಗಿಲ್ಲ" ಎಂದೆ. ಮುಖ ಬಿಸಿಯಾಯಿತು.

"ಹಂಗಾದ್ರೆ ಈಯಮ್ಮಂಗೆ."

ಅತ್ತಿಗೆ ಲೋಟ ಕೆಳಗಿಟ್ಟು, "ನಂಗಲ್ಲಕ್ಕಾ, ನಮ್ಮತ್ತೆಗೆ" ಎಂದರು.

"ಹೌದಾ? ಹಂಗಾದ್ರೆ ಅತ್ತೇನೇ ಹತ್ತಿಸ್ಬೇಕಿತ್ತು ಬೆಟ್ಟ! ನೀನ್ಯಾಕೆ ಬಂದೆ?"

ಅತ್ತಿಗೆ ಜೋರಾಗಿ ನಕ್ಕುಬಿಟ್ಟರು. ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಎಷ್ಟೋ ದಿನದಿಂದ ಕೇಳಿರಲಿಲ್ಲ. ನಗುತ್ತ ನಗುತ್ತಲೇ ಅವರ ಕಣ್ಣು ತುಂಬಿತು. "ಎರಡು ಹೋಯ್ತಕ್ಕಾ. ಸೋಮವಾರದಿಂದ ಮತ್ತೆ ಸೂಜಿ. ನನ್ ಕೈಲಿ ಇನ್ನಾಗಲ್ಲ. ಆಸೆ ಇಟ್ಕೊಳ್ಳೋದೂ ಆಗಲ್ಲ, ಕಳ್ಕೊಳ್ಳೋದೂ ಆಗಲ್ಲ."

"ಮನೇಲಿ ಹೇಳಿದ್ಯಾ?"

"ಯಾರು ಕೇಳಿದ್ರು?"

ನಾನು ಅಲ್ಲೇ, ಒಂದು ಮಾರು ದೂರದಲ್ಲಿ ಕೂತಿದ್ದೆ. ಅವರು ಅದನ್ನು ನನ್ನ ಕಡೆ ನೋಡಿ ಹೇಳಲಿಲ್ಲ. ಹೇಳಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ಎರಡೂ ಸಲ ಆಸ್ಪತ್ರೆಯ ಕಾಗದಗಳನ್ನು ದಿನಾಂಕದ ಪ್ರಕಾರ ಜೋಡಿಸಿಟ್ಟವಳು ನಾನು.

ಜಮೀಲಕ್ಕ ಬುದ್ಧಿ ಹೇಳಲಿಲ್ಲ. ಬಾಣಲೆಯಲ್ಲಿದ್ದ ಬೋಂಡಾ ತಿರುವುತ್ತ, "ನಮ್ಮಕ್ಕಂಗೂ ಆಗಲಿಲ್ಲ. ನಮ್ಮಮ್ಮ ಅವಳನ್ನ ಎಷ್ಟು ದರ್ಗಾ ಸುತ್ತಿಸಿದ್ರು ಅಂತೀಯ! ಒಂದಿನ ಬಸ್‌ಸ್ಟಾಂಡಲ್ಲೇ ಕೂತ್ಬಿಟ್ಲು. ಅಮ್ಮೀ, ಇನ್ ನಾನು ಬಸ್ ಹತ್ತಲ್ಲ ಅಂದ್ಬಿಟ್ಲು. ಅಮ್ಮ ಅತ್ರು, ಬೈದ್ರು. ಇವಳು ಹತ್ತಲೇ ಇಲ್ಲ. ಈಗ ನನ್ ಐದು ಮಕ್ಕಳೂ ಅವಳ ಮನೇಲೇ ಬಿದ್ದಿರ್ತವೆ. ನಾನು ಕರೆದ್ರೆ ಬರಲ್ಲ, ಬದ್ಮಾಷ್‌ಗಳು" ಎಂದರು.

ನಾನು ಅತ್ತಿಗೆಯ ಪಕ್ಕಕ್ಕೆ ಸರಿದು ಕೂತೆ. ಕೊನೆಗೆ, "ಅತ್ತಿಗೆ, ನಿಮಗೇನು ಬೇಕು?" ಎಂದೆ.

ಅವರು ಕಣ್ಣೊರೆಸಿಕೊಂಡು, "ಮೊದ್ಲು ಇನ್ನೊಂದು ಬೋಂಡಾ" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಬೆಟ್ಟ ಹತ್ತೋಣ ಕಣೇ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಹತ್ತಿದ್ದೆ. ಆದ್ರೆ ಹರಕೆ ಹೊರಲ್ಲ" ಎಂದರು.

ಬಸ್ಸು ಬಂದಾಗ ಜಮೀಲಕ್ಕ ಜಾಲರಿ ಸೌಟು ಹಿಡಿದುಕೊಂಡೇ ರಸ್ತೆಗೆ ಓಡಿ, "ಲೇ, ನಿಲ್ಸೋ! ಹೆಣ್ಮಕ್ಕಳು ಹತ್ತಬೇಕು!" ಎಂದು ಕೂಗಿ ಅದನ್ನು ನಿಲ್ಲಿಸಿದರು.

ಆವಣಿ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಬಂಡೆಗಳ ನಡುವಿನ ಮೆಟ್ಟಿಲುಗಳಲ್ಲಿ ಅತ್ತಿಗೆ ನನಗಿಂತ ಬೇಗ ಹತ್ತಿದರು. ದಾರಿಯುದ್ದಕ್ಕೂ ಹರಕೆಯವರು ಒಂದರ ಮೇಲೊಂದು ಪೇರಿಸಿಟ್ಟ ಪುಟ್ಟ ಕಲ್ಲುಗಳು. ಅವು ಬೀಳದಂತೆ ಸೀರೆಯ ಅಂಚನ್ನು ಎತ್ತಿ ಹಿಡಿದುಕೊಂಡು ನಡೆದರು. ಮೇಲಿನ ಗುಡಿಯಲ್ಲಿ ಕೈಮುಗಿದು ತುಂಬ ಹೊತ್ತು ನಿಂತಿದ್ದರು. ನಾನು ಗಡಿಯಾರ ನೋಡಲಿಲ್ಲ.

ಹೊರಗೆ ಬಂದು ಬಂಡೆಯ ನೆರಳಿನಲ್ಲಿ ಕೂತಾಗ, "ಏನು ಕೇಳ್ಕೊಂಡ್ರಿ?" ಎಂದೆ. ಅದು ಆ ದಿನ ನಾನು ಅತ್ತಿಗೆಯನ್ನು ಕೇಳಿದ ಎರಡನೇ ಪ್ರಶ್ನೆ.

"ಏನೂ ಕೇಳ್ಲಿಲ್ಲ. ಆ ಎರಡು ಮಕ್ಕಳ ವಿಷಯ ಹೇಳ್ಕೊಂಡೆ. ಎರಡಕ್ಕೂ ಹೆಸರಿಟ್ಟಿದ್ದೆ, ಗೊತ್ತಾ?"

ಆ ಹೆಸರುಗಳನ್ನು ನನಗೆ ಹೇಳಿದರು. ಅವನ್ನು ಇಲ್ಲಿ ಬರೆಯುವುದಿಲ್ಲ.

ಇಳಿಯುವಾಗ, ಮನೆಯಲ್ಲಿ ನಾನು ಹೇಳಲೇ ಎಂದು ಕೇಳಿದೆ. "ಬೇಡ, ನಾನೇ ಹೇಳ್ತೀನಿ. ನೀನು ಎದ್ದು ಒಳಗೆ ಹೋಗ್ಬೇಡ, ಅಷ್ಟೇ" ಎಂದರು. ಮನೆಯಲ್ಲಿ ಮಾತು ಬಿಸಿಯಾದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತೇನೆ. ಅದನ್ನು ಅವರು ಗಮನಿಸಿದ್ದರು.

ನಾವು ಮನೆ ಸೇರಿದಾಗ ಏಳು ದಾಟಿತ್ತು. ಅಣ್ಣ ಆಗಷ್ಟೇ ಬಂದಿದ್ದ. ಅಮ್ಮ ನೀರು ಕೊಡುತ್ತ, "ಹರಕೆ ಹೊತ್ರಾ?" ಎಂದಳು.

"ಇಲ್ಲ ಅತ್ತೆ. ಸೋಮವಾರ ಆಸ್ಪತ್ರೆಗೂ ಹೋಗಲ್ಲ" ಎಂದರು ಅತ್ತಿಗೆ.

ಅಮ್ಮ ನನ್ನ ಕಡೆ ತಿರುಗಿದಳು. "ಏನೇ ಇದು? ನಿನ್ನ ನಂಬಿ ಕಳ್ಸಿದ್ನಲ್ಲೇ!"

ಎದ್ದು ಹೋಗಬೇಕೆಂದು ಕಾಲು ತುಡಿಯಿತು. ಕೂತೇ ಇದ್ದೆ. "ಅವರಿಂದ ಆಗಲ್ಲಮ್ಮ. ನಾವ್ಯಾರೂ ಅವರನ್ನ ಕೇಳೇ ಇರಲಿಲ್ಲ" ಎಂದೆ.

ಅಣ್ಣ ಅತ್ತಿಗೆಯನ್ನೇ ನೋಡುತ್ತಿದ್ದ. "ನಂಗಾದ್ರೂ ಹೇಳ್ಬಹುದಿತ್ತಲ್ಲ?"

"ಡಾಕ್ಟರ್ ಏನಂದ್ರು ಅಂತ ಪ್ರತಿ ಸಲ ಕೇಳಿದ್ರಿ. ನಾನೇನಂತೀನಿ ಅಂತ ಒಂದ್ಸಲ ಕೇಳಿದ್ರೆ ಹೇಳ್ತಿದ್ದೆ."

ಅಣ್ಣ ತಲೆ ತಗ್ಗಿಸಿದ. ಅಮ್ಮ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಮರುದಿನವೆಲ್ಲ ಅವಳು ನಮ್ಮಿಬ್ಬರ ಜೊತೆಯೂ ಮಾತಾಡಲಿಲ್ಲ.

ಸೋಮವಾರ ಬೆಳಿಗ್ಗೆ ಅಣ್ಣ ಆಸ್ಪತ್ರೆಗೆ ಫೋನ್ ಮಾಡಿ, ಬರುವುದಿಲ್ಲ ಎಂದು ಹೇಳಿದ. ಗಂಟೆ ಎಂಟಾಗಿತ್ತು, ಅತ್ತಿಗೆ ಇನ್ನೂ ಎದ್ದಿರಲಿಲ್ಲ. ನಾನು ಚಟ್ನಿಗೆಂದು ಮಿಕ್ಸಿ ಹಾಕಲು ಹೋದೆ. ಅಮ್ಮ ನನ್ನ ಕೈ ಹಿಡಿದು, "ತಡಿ, ಮಲಗಿದ್ದಾಳೆ" ಎಂದಳು. ಅವಳ ಮನಸ್ಸು ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಆದರೆ ಆಸ್ಪತ್ರೆಯ ಮಾತನ್ನು ಮತ್ತೆ ಎತ್ತಿಲ್ಲ.

ಇನ್ನೊಬ್ಬರನ್ನು ಏನೂ ಕೇಳದೆ ಇರುವುದು ಅವರಿಗೆ ಕೊಡುವ ಗೌರವ ಎಂದೇ ನಾನು ತಿಳಿದಿದ್ದೆ. ಅರ್ಧ ಗೌರವವಿತ್ತು, ನಿಜ. ಉಳಿದರ್ಧ ಉತ್ತರ ಕೇಳಿಸಿಕೊಳ್ಳುವ ಭಯ. ಈಗಲೂ ಕೇಳುವುದು ನನಗೆ ಸುಲಭವಲ್ಲ. ಕೆಲವೊಮ್ಮೆ ಯೋಚಿಸುತ್ತೇನೆ: ಅಂದು ನಮ್ಮ ಬಸ್ಸು ಸರಿಯಾದ ಹೊತ್ತಿಗೆ ಬಂದಿದ್ದರೆ ನಾನು ಅತ್ತಿಗೆಯನ್ನು ಗುಡಿಗೆ ಕರೆದೊಯ್ದು, ಹರಕೆ ಹೊರಿಸಿ, ಆರು ಗಂಟೆಗೆ ಮನೆಗೆ ತಲುಪಿಸುತ್ತಿದ್ದೆ. ಎಲ್ಲವೂ ಅಂದುಕೊಂಡಂತೆಯೇ ಆಯಿತೆಂದು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ನನಗೆ ಭಯವಾಗುವುದು ಆ ನಿದ್ದೆಯನ್ನು ನೆನೆದಾಗ.