ಬಲಗಡೆ ಸೀಟಿನಲ್ಲಿ ಕೂತವಳು

ನನ್ನ ಗಂಡ ಒಂದು ಆಲ್ಬಂ ಮಾಡಿದ್ದಾರೆ. ಹೀಗೆ ಹೇಳಿದ ಕೂಡಲೇ ಜನ ಸ್ಟುಡಿಯೊ, ಗಾಜಿನ ಕೋಣೆ, ಹತ್ತಾರು ವಾದ್ಯದವರು ಎಂದೆಲ್ಲ ಊಹಿಸಿಕೊಳ್ಳುತ್ತಾರೆ. ಅಂಥದ್ದೇನೂ ಇರಲಿಲ್ಲ. ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಮ್ಮದೊಂದು ಪುಟ್ಟ ಫ್ಲಾಟು, ಅದರಲ್ಲೊಂದು ಗೋಡೆ ಕಪಾಟು. ಆ ಕಪಾಟಿನೊಳಗೆ ನನ್ನ ಸೀರೆ, ಚೂಡಿದಾರಗಳ ನಡುವೆ ತಲೆ ತೂರಿಸಿ, ಮೈಕ್ ಹಿಡಿದು ಅವರು ಹಾಡುತ್ತಿದ್ದರು. ಬಟ್ಟೆ ಇದ್ದರೆ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲವಂತೆ. ಊಟದ ಮೇಜಿನ ಮೇಲೆ ಒಂದು ಸಿಂಥಸೈಸರ್, ಒಂದು ಲ್ಯಾಪ್‌ಟಾಪ್. ಡ್ರಮ್ಸ್, ಬೇಸ್, ಪಿಟೀಲಿನ ಹಾಗೆ ಕೊರಗುವ ಇನ್ನೊಂದು ದನಿ, ಎಲ್ಲವೂ ಆ ಪೆಟ್ಟಿಗೆಯೊಳಗಿನಿಂದಲೇ ಬರುತ್ತಿದ್ದವು. ಮೇಜು ಅವರ ಪಾಲಾದ್ದರಿಂದ ನಾವು ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು.

ರೆಕಾರ್ಡಿಂಗ್ ಎಂದರೆ ಎಸಿ ಬಂದ್. ಮೈಕಿಗೆ ಎಸಿಯ ಗುಂಯ್ ಎನ್ನುವ ಸದ್ದು ಹಿಡಿಸುವುದಿಲ್ಲ. ಜುಲೈ ತಿಂಗಳ ದುಬೈಯಲ್ಲಿ ಎಸಿ ಬಂದ್ ಮಾಡಿ ಕಪಾಟಿನೊಳಗೆ ನಿಂತು ಪ್ರೇಮಗೀತೆ ಹಾಡುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಬೆವರಿ ತೊಪ್ಪೆಯಾಗಿ, ಸ್ನಾನ ಮಾಡಿದವರ ಹಾಗೆ ಹೊರಬರುತ್ತಿದ್ದರು. ಒಮ್ಮೆ ಫ್ರಿಜ್ಜಿನ ಸದ್ದೂ ತೊಂದರೆ ಕೊಡುತ್ತದೆಂದು ಅದರ ಪ್ಲಗ್ಗನ್ನೂ ಕಿತ್ತು, ಮತ್ತೆ ಹಾಕಲು ಮರೆತು, ನಾನು ಆಸೆಯಿಂದ ತಂದಿಟ್ಟ ಬಂಗುಡೆ ಮೀನು ಹಾಳಾಯಿತು. ಆ ದಿನ ನಾನು ಕೂಗಾಡಿದ್ದು ರೆಕಾರ್ಡ್ ಆಗಿದ್ದರೆ ಆಲ್ಬಮ್ಮಿಗೆ ಒಂದು ಹಾಡು ಹೆಚ್ಚಾಗುತ್ತಿತ್ತು.

ಅವರದು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆ. ಮಂಗಳೂರಿನಲ್ಲಿ ಹುಡುಗನಾಗಿದ್ದಾಗಿನಿಂದ ಇಗರ್ಜಿಯಲ್ಲಿ ಕೀಬೋರ್ಡ್ ನುಡಿಸಿದವರು. ನನ್ನದು ತುಳು ಮನೆ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಅವರಿಗೆ ಬರುವ ತುಳು ಮೀನು ಕೊಳ್ಳುವಷ್ಟು, ನನಗೆ ಬರುವ ಕೊಂಕಣಿ ಅತ್ತೆಯ ಬೈಗುಳ ಅರ್ಥವಾಗುವಷ್ಟು. ಹಾಡುಗಳೆಲ್ಲ ಕೊಂಕಣಿಯಲ್ಲಿದ್ದವು.

ಇಬ್ಬರಿಗೂ ಕೆಲಸ ಅಬುಧಾಬಿಯಲ್ಲಿ. ಅವರು ಒಂದು ಕಟ್ಟಡ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್, ನಾನು ಖಾಲಿದಿಯಾದ ಒಂದು ಕ್ಲಿನಿಕ್ಕಿನಲ್ಲಿ ಇನ್ಶೂರೆನ್ಸ್ ಕೌಂಟರಿನಲ್ಲಿ. ಅಲ್ಲಿ ಮನೆ ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು, ಹಾಗಾಗಿ ದುಬೈಯಲ್ಲಿ ವಾಸ, ದಿನಾ ಬೆಳಿಗ್ಗೆ ಒಂದೂವರೆ ಗಂಟೆ ಕಾರಿನಲ್ಲಿ ಪ್ರಯಾಣ. ಈ ಕಾರು ಅವರಿಗೆ ಎರಡನೆಯ ಸ್ಟುಡಿಯೊ. ಹೆಡ್‌ಫೋನಿನಲ್ಲಿ ಕೇಳಿದರೆ ಎಲ್ಲ ಹಾಡೂ ಚಂದವೇ, ಕಾರಿನ ಸ್ಪೀಕರಿನಲ್ಲಿ ಕೇಳಿದಾಗಲೇ ಬಣ್ಣ ಬಯಲಾಗುವುದು ಎನ್ನುತ್ತಿದ್ದರು. ಸಂಜೆ ಮಾಡಿದ್ದನ್ನು ಪೆನ್‌ಡ್ರೈವಿಗೆ ಹಾಕಿ ಬೆಳಿಗ್ಗೆ ದಾರಿಯುದ್ದಕ್ಕೂ ಕೇಳಿಸುತ್ತಿದ್ದರು. ಅಲ್ಲಿ ಕಾರಿನ ಸ್ಟಿಯರಿಂಗ್ ಎಡಕ್ಕೆ, ಹಾಗಾಗಿ ನನ್ನ ಕೆಲಸ ಬಲಗಡೆ ಸೀಟಿನಲ್ಲಿ ಕೂತು ಕೇಳಿ ಅಭಿಪ್ರಾಯ ಹೇಳುವುದು.

ನಾನು ನಿದ್ದೆ ಮಾಡುತ್ತಿದ್ದೆ.

ಬೇಕೆಂದು ಅಲ್ಲ. ಜೆಬೆಲ್ ಅಲಿ ದಾಟಿ ಎರಡೂ ಕಡೆ ಮರಳು ಶುರುವಾದರೆ ಸಾಕು, ಅವರ ಆ ನಿಧಾನದ ಸಂಗೀತಕ್ಕೆ, ಎಸಿಯ ತಂಪಿಗೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಇಡೀ ದಿನ ಕೌಂಟರಿನಲ್ಲಿ ಕ್ಲೇಮ್ ಯಾಕೆ ರಿಜೆಕ್ಟ್ ಆಯಿತೆಂದು ನನ್ನನ್ನು ಹರಿದು ತಿನ್ನುವ ಜನರಿಗೆ ಉತ್ತರ ಕೊಡುವವಳು ನಾನು. ನನಗೆ ಆ ಒಂದೂವರೆ ಗಂಟೆ ಬೇಕಿತ್ತು. ಅಬುಧಾಬಿಗೆ ದಾಟುವ ಸೇತುವೆ ಬರುವ ಹೊತ್ತಿಗೆ ಹೇಗೋ ಎಚ್ಚರವಾಗುತ್ತಿತ್ತು. ಅವರು ಕೇಳುತ್ತಿದ್ದರು:

"ಹೇಗುಂಟು?"

ನಾನು ಬಾಯಿ ಒರೆಸಿಕೊಂಡು, "ಎರಡನೇದು ಒಳ್ಳೆದುಂಟು. ಡ್ರಮ್ಸ್ ಮಾತ್ರ ಸ್ವಲ್ಪ ಜಾಸ್ತಿ ಆಯ್ತು" ಎನ್ನುತ್ತಿದ್ದೆ. ಇನ್ನೊಂದು ದಿನ ಬೇಸ್ ಜಾಸ್ತಿ. ಮತ್ತೊಂದು ದಿನ ದನಿ ಹಿಂದೆ ಉಳಿಯಿತು. ಅವರ ಬಾಯಿಂದ ಕಲಿತ ಮಾತುಗಳನ್ನೇ ಅವರಿಗೆ ಸರತಿಯಂತೆ ತಿರುಗಿಸಿ ಕೊಡುತ್ತಿದ್ದೆ. ಅವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಸಂಜೆ ಮನೆಗೆ ಬಂದು ಲ್ಯಾಪ್‌ಟಾಪಿನ ಮುಂದೆ ಬಗ್ಗಿ ಕೂತಾಗ, ಅಯ್ಯೋ, ನನ್ನ ಮಾತು ನಂಬಿ ಸರಿಯಿದ್ದ ಡ್ರಮ್ಸನ್ನು ಕೆಡಿಸುತ್ತಿದ್ದಾರಲ್ಲ ಎಂದು ಆ ಕಡೆ ನೋಡದೆ ಬಟ್ಟೆ ಮಡಚುತ್ತಿದ್ದೆ. ನಾಳೆ ಖಂಡಿತ ಎಚ್ಚರ ಇರುತ್ತೇನೆ ಎಂದು ದಿನಾ ನಿಶ್ಚಯಿಸುತ್ತಿದ್ದೆ. ಚೂಯಿಂಗ್ ಗಮ್ ಕೂಡ ಕೊಂಡೆ. ಅದನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದೆ.

ಸತ್ಯ ಹೇಳಬಹುದಿತ್ತು. ಆದರೆ ಸುಳ್ಳು ಅಷ್ಟು ದಿನ ನಡೆದ ಮೇಲೆ ಹೇಳುವುದು ಹೇಗೆ? ಗೆಳೆಯರು ಮನೆಗೆ ಬಂದಾಗ, "ಇವಳ ಕಿವಿ ಭಾರಿ ಸೂಕ್ಷ್ಮ" ಎಂದು ಅವರು ಹೇಳಿದರೆ ನಾನು ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತಿದ್ದೆ. ಹೊಗಳಿಕೆ ಖುಷಿಯೂ ಆಗುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಆಲ್ಬಂ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನನಗೆ ನಿದ್ದೆ ಬರಲಿಲ್ಲ. ಮನೆ ಬಿಡುವಾಗಲೇ ಕ್ಲಿನಿಕ್ಕಿನ ಮ್ಯಾನೇಜರಿಂದ ಮೆಸೇಜ್ ಬಂದಿತ್ತು, ಬಂದ ಕೂಡಲೇ ತನ್ನನ್ನು ಕಾಣಬೇಕೆಂದು. ಆ ತಿಂಗಳು ಕೆಲವರನ್ನು ಕೆಲಸದಿಂದ ತೆಗೆಯುವ ಮಾತು ನಡೆದಿತ್ತು. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಊರಿಗೆ ವಾಪಸು. ನಾನು ಕಣ್ಣು ಬಿಟ್ಟುಕೊಂಡು ರಸ್ತೆ ನೋಡುತ್ತ ಕೂತಿದ್ದೆ. ಒಳಗೆ ಮ್ಯಾನೇಜರಿಗೆ ಏನು ಹೇಳಬೇಕೆಂದು ವಾಕ್ಯ ಜೋಡಿಸುತ್ತಿದ್ದೆ.

"ಒಂದು ಹೊಸ ಹಾಡು ಹಾಕಿದ್ದೇನೆ, ಕೊನೆಗೆ. ಇರ್ಲಾ ಬೇಡವಾ ನೀನೇ ಹೇಳ್ಬೇಕು" ಎಂದರು ಅವರು.

ಹೂಂ ಎಂದೆ. ಹಾಡು ಬಂತು, ಹೋಯಿತು. ಉಳಿದ ಹಾಡುಗಳ ಹಾಗೆಯೇ ದನಿ ಮಸುಕು, ಪಕ್ಕದ ಮನೆಯ ಬಚ್ಚಲಿನಲ್ಲಿ ಯಾರೋ ಹಾಡಿಕೊಂಡ ಹಾಗೆ. ಒಂದು ಶಬ್ದವೂ ನನ್ನ ತಲೆಗೆ ಹೋಗಲಿಲ್ಲ.

"ಇರ್ಲಾ?"

"ಬೇಡ" ಎಂದೆ.

ಯಾಕೆ ಹಾಗೆಂದೆ? ಇದನ್ನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಮಾತು ಅಲ್ಲಿಗೇ ಮುಗಿಯಲಿ ಎಂದಿತ್ತು. ಜೊತೆಗೆ, ಎಲ್ಲದಕ್ಕೂ ಒಳ್ಳೆದುಂಟು ಎಂದು ಹೇಳಿ ಹೇಳಿ, ಒಂದಕ್ಕಾದರೂ ಬೇಡ ಎಂದರೆ ನಾನು ನಿಜವಾಗಿ ಕೇಳಿದ್ದೇನೆ ಎಂದು ತೋರುತ್ತದೆ ಎನ್ನುವ ಕಳ್ಳಬುದ್ಧಿಯೂ ಇತ್ತು.

"ಹೌದಾ? ಸರಿ ಕೇಳಿದ್ದಿಯಲ್ಲ?"

"ಕೇಳಿದೆ ಮಾರಾಯ್ರೆ. ಅದು ಬೇಡ. ಉಳಿದದ್ದರ ಜೊತೆ ಸೇರುದಿಲ್ಲ."

"ಆಯ್ತು" ಎಂದರು. ಹಾಡು ಬಂದ್ ಮಾಡಿದರು. ನಾನಂತೂ ಮಾತು ಮುಗಿಯಿತಲ್ಲ ಎಂದು ಸಮಾಧಾನಪಟ್ಟೆ. ಮ್ಯಾನೇಜರ್ ಕರೆದದ್ದು ನಮ್ಮ ಕೌಂಟರನ್ನು ಮೇಲಿನ ಮಹಡಿಗೆ ಸಾಗಿಸುತ್ತಾರೆ ಎಂದು ಹೇಳುವುದಕ್ಕೆ.

ಆಲ್ಬಮ್ಮನ್ನು ಅವರು ತಾವೇ ಇಂಟರ್ನೆಟ್ಟಿಗೆ ಹಾಕಿದರು. ಮುಖಚಿತ್ರಕ್ಕೆ ನಮ್ಮ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳ ಫೋಟೊ. ಯಾರಿಗೂ ಗೊತ್ತಿಲ್ಲದ ಊರುಗಳಿಂದ ಯಾರೋ ಒಬ್ಬೊಬ್ಬರು ಕೇಳಿ, ಭಾಷೆ ತಿಳಿಯದಿದ್ದರೂ ಕನಸಿನಲ್ಲಿ ಇದ್ದ ಹಾಗಾಯಿತು ಎಂದು ಬರೆದರು. ಅವನ್ನು ಅವರು ನನಗೆ ಓದಿ ಹೇಳುತ್ತಿದ್ದರು. ಕೃತಜ್ಞತೆಯ ಜಾಗದಲ್ಲಿ ಒಂದೇ ಸಾಲು ಬರೆದಿದ್ದರು: ಬಲಗಡೆ ಸೀಟಿನಲ್ಲಿ ಕೂತವಳಿಗೆ. ಅದನ್ನು ಓದಿದಾಗ ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ. ಹೋಗಲಿಲ್ಲ, "ಥ್ಯಾಂಕ್ಸ್" ಎಂದೆ.

ಮರುವರ್ಷ ಅವರಿಗೆ ದುಬೈಯಲ್ಲೇ, ಅಲ್ ಬರ್ಷಾದಲ್ಲಿ ಬೇರೆ ಕೆಲಸ ಸಿಕ್ಕಿತು. ಅವರು ಮೆಟ್ರೊ ಹಿಡಿದು ಹೋಗತೊಡಗಿದರು. ಹಲವು ಸಲ ಫೇಲಾಗಿ ಕೊನೆಗೂ ಲೈಸೆನ್ಸ್ ಸಂಪಾದಿಸಿದ್ದ ನನ್ನ ಪಾಲಿಗೆ ಕಾರು ಬಂತು. ಮೊದಮೊದಲು ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿ ಹಿಡಿದು, ಉಸಿರೂ ಬಿಡದೆ ಓಡಿಸುತ್ತಿದ್ದೆ. ಹಾಡು ಹಾಕುವ ಧೈರ್ಯ ಬಂದದ್ದು ಚಳಿಗಾಲದ ಒಂದು ಬೆಳಿಗ್ಗೆ, ಮಂಜು ಕರಗಿ ರಸ್ತೆ ನಿಚ್ಚಳವಾಗಿ ಕಾಣಿಸಿದಾಗ. ಹಳೆಯ ಪೆನ್‌ಡ್ರೈವ್ ಅಲ್ಲೇ ಸಿಕ್ಕಿಕೊಂಡಿತ್ತು. ಗುಂಡಿ ಒತ್ತಿದೆ.

ಓಡಿಸುವವಳು ನಿದ್ದೆ ಮಾಡುವ ಹಾಗಿಲ್ಲವಲ್ಲ. ನನ್ನ ಗಂಡನ ಆಲ್ಬಮ್ಮನ್ನು ನಾನು ಮೊದಲ ಸಲ ಕೇಳಿದ್ದು ಆ ದಿನ. ಉಕ್ಕುವ ಮುಂಚೆ ಹಾಲು ಏರಿ ಬರುತ್ತದಲ್ಲ, ಹಾಗೆ ಸದ್ದಿಲ್ಲದೆ ಏರಿ ಬರುವ ಸ್ವರಗಳು, ಅವುಗಳ ಅಡಿಯಲ್ಲಿ ಮೆಲ್ಲಗೆ ಬಡಿಯುವ ಡ್ರಮ್ಸ್. ಇಷ್ಟು ಚಂದ ಮಾಡಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಹೆಮ್ಮೆಪಡಲು ಕೂಡ ನಾಚಿಕೆಯಾಯಿತು, ಹೆಮ್ಮೆಪಡಲು ನಾನು ಯಾರು? ಎಂಟು ಹಾಡು ಮುಗಿದವು. ಆಲ್ಬಂ ಅಲ್ಲಿಗೆ ಮುಗಿಯಬೇಕು. ಪೆನ್‌ಡ್ರೈವಿನಲ್ಲಿ ಇನ್ನೊಂದು ಉಳಿದಿತ್ತು, ನಾನು ಬೇಡ ಎಂದದ್ದು.

ಅದು ತುಳುವಿನಲ್ಲಿತ್ತು.

ಮೀನು ಕೊಳ್ಳುವಷ್ಟೇ ತುಳು ಬರುವ ಮನುಷ್ಯ ಯಾರನ್ನು ಕೇಳಿ ಕೇಳಿ ಕಲಿತರೋ, ಪದ ಪದ ಹುಷಾರಾಗಿ ಇಟ್ಟು ಹಾಡಿದ್ದರು. "ಜೆಪ್ಪುಲ, ಸಂಕ ಬನ್ನಗ ಲಕ್ಕಾವೆ." ಮಲಗು, ಸೇತುವೆ ಬಂದಾಗ ಎಬ್ಬಿಸುತ್ತೇನೆ. ಇಡೀ ಹಾಡಿನಲ್ಲಿ ಬೇರೆ ವಿಷಯವೇ ಇಲ್ಲ. ನಿನ್ನೆ ಯಾರೆಲ್ಲ ನಿನ್ನನ್ನು ಬೈದರೋ ಅವರೆಲ್ಲ ಹಿಂದೆ ಉಳಿಯಲಿ, ಮರಳು ಹಿಂದೆ ಉಳಿಯಲಿ, ನೀನು ಮಲಗು.

ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿ ಒಂದು ಮೂಲೆಯಲ್ಲಿ ನಿಲ್ಲಿಸಿದೆ. ಮತ್ತೆ ಹಾಕಿದೆ, ಮತ್ತೆ ಕೇಳಿದೆ. ಬಂಕಿನವನು ಬಂದು, ಗಾಡಿ ಕೆಟ್ಟಿದೆಯಾ ಮೇಡಂ ಎಂದು ಹಿಂದಿಯಲ್ಲಿ ಕೇಳಿದ. ಇಲ್ಲ ಭೈಯ್ಯಾ ಎಂದೆ. ಆ ದಿನ ಕೌಂಟರಿನಲ್ಲಿ ಯಾರ್ಯಾರು ಬೈದರೋ, ಎಲ್ಲ ಬೈಗುಳವೂ ನನಗೆ ಸಲ್ಲಬೇಕಾದ್ದೇ ಎನಿಸಿತು.

ಸಂಜೆ ಮನೆಗೆ ಬಂದಾಗ ಅವರು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದೆ:

"ನಾನು ಕಾರಲ್ಲಿ ನಿದ್ದೆ ಮಾಡ್ತಿದ್ದದ್ದು ನಿಮಗೆ ಗೊತ್ತಿತ್ತಾ?"

ಅವರು ನಕ್ಕರು. "ಗೊತ್ತಿಲ್ಲದೆ? ಗೊರಕೆ ಹೊಡಿತಿದ್ದಿ ಮಾರಾಯ್ತಿ. ನಾನು ವಾಲ್ಯೂಮ್ ಜಾಸ್ತಿ ಇಡ್ಬೇಕಾಗ್ತಿತ್ತು."

"ಮತ್ತೆ ಹೇಗುಂಟು ಅಂತ ಕೇಳ್ತಿದ್ದದ್ದು?"

"ಕಣ್ಣು ಬಿಟ್ಟ ಕೂಡ್ಲೇ ಡ್ರಮ್ಸ್ ಜಾಸ್ತಿ, ಬೇಸ್ ಜಾಸ್ತಿ ಅಂತ ಶುರು ಮಾಡ್ತಿದ್ದಿಯಲ್ಲ. ಅದು ಕೇಳ್ಲಿಕ್ಕೆ ಖುಷಿ."

"ನಾನು ಹೇಳಿದ್ದಕ್ಕೆಲ್ಲ ನೀವು ಡ್ರಮ್ಸ್ ಕಡಿಮೆ ಮಾಡ್ಲಿಲ್ವಾ?"

"ಎಲ್ಲಿ ಮಾಡಿದೆ? ಒಂದೂ ಮಾಡ್ಲಿಲ್ಲ. ನಿದ್ದೆಯಲ್ಲಿದ್ದವಳ ಮಾತು ಕೇಳ್ತಾರಾ ಯಾರಾದ್ರೂ?"

ಅಷ್ಟು ದಿನ ಹೊತ್ತಿದ್ದ ಭಾರ ಇಳಿದ ಹಾಗಾಯಿತು. ನಾನೂ ನಗುತ್ತಲೇ ಕೇಳಿದೆ, "ಹಾಗಾದ್ರೆ ಆ ತುಳು ಹಾಡನ್ನು ಯಾಕೆ ತೆಗೆದದ್ದು?"

ಅವರ ಕೈ ನಿಂತಿತು. ಈರುಳ್ಳಿ ನೋಡುತ್ತಲೇ ಹೇಳಿದರು, "ಆ ದಿನ ನೀನು ಎಚ್ಚರ ಇದ್ದಿ."

ನನ್ನ ನಗು ಹಾಗೇ ನಿಂತುಬಿಟ್ಟಿತು. ನಾನು ನಿದ್ದೆಗಣ್ಣಲ್ಲಿ ಹೇಳಿದ ನೂರು ಸುಳ್ಳಿನಿಂದ ಆ ಆಲ್ಬಮ್ಮಿಗೆ ಏನೂ ಆಗಿರಲಿಲ್ಲ. ಕಣ್ಣು ಬಿಟ್ಟು ಹೇಳಿದ ಒಂದನ್ನು ಅವರು ನಂಬಿದ್ದರು.

"ನಾನು ಕೇಳಿರ್ಲಿಲ್ಲ" ಎಂದೆ. "ಕಣ್ಣು ಬಿಟ್ಟಿತ್ತು, ಅಷ್ಟೇ. ಮ್ಯಾನೇಜರ್ ಮೆಸೇಜ್ ಮಾಡಿದ್ದ, ನನ್ನ ತಲೆ ಪೂರ್ತಿ ಅಲ್ಲೇ ಇತ್ತು. ಅದು ತುಳು ಅಂತ ಸಹ ನಂಗೆ ಗೊತ್ತಾಗ್ಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ."

ಈಗ ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೂ ಅನಿಸಿತು. ಅವರು ಚಾಕು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಹಾಗಾದ್ರೆ ಆ ಹಾಡು ನಿಂಗೆ ಬೇಡ ಅಂತ ಅಲ್ವಾ?"

ಅಲ್ಲ ಎಂದೆ.

"ಕೇಳಿ ಆದ ಮೇಲೆ ಹೇಳಿದ್ದಲ್ಲ ಅಲ್ವಾ ಅದು?"

ಅಲ್ಲ ಎಂದು ಮತ್ತೆ ಹೇಳಿದೆ. ಅವರ ಮುಖ ನೋಡನೋಡುತ್ತಿದ್ದಂತೆ ಸಡಿಲವಾಯಿತು, ಜ್ವರ ಬಿಟ್ಟವರ ಹಾಗೆ. ಅಷ್ಟು ತಿಂಗಳು ಅವರು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ನನ್ನನ್ನು ಕ್ಲಿನಿಕ್ಕಿನ ಬಾಗಿಲಿನವರೆಗೆ ಬಿಟ್ಟು, ಸಂಜೆ ಮತ್ತೆ ಕರೆದುಕೊಂಡು ಬರುತ್ತಿದ್ದರು. ಪಕ್ಕದಲ್ಲೇ ಕೂತಿದ್ದ ನನಗೆ ಗೊತ್ತಾಗಿರಲಿಲ್ಲ.