ಅಕ್ಕನ ಕಪ್ಪು ಮಣೂಕ

ಮೊನ್ನೆ ಅಥಣಿಯ ಕಿರಾಣಿ ಅಂಗಡಿಯಲ್ಲಿ ಶಿರಾಕ್ಕೆಂದು ಮಣೂಕ ಕೇಳಿದೆ. ಅಂಗಡಿಯವನು ಚೀಲದ ಬಾಯಿ ಬಿಚ್ಚಿದ. ಬಂಗಾರದ ಬಣ್ಣದ ಒಣದ್ರಾಕ್ಷಿ. ಅದರ ಜೊತೆಗೇ, ಕಡ್ಡಿ ಗೀರಿದಾಗ ಮೂಗಿಗೆ ಬಡಿಯುವಂಥ ಗಂಧಕದ ವಾಸನೆ... ಬೇಡವೆಂದು ಹೊರಗೆ ಬಂದುಬಿಟ್ಟೆ.

ನನ್ನ ಅಕ್ಕ ಶಿರಗುಪ್ಪಿಯಲ್ಲಿ ಇದ್ದಳು. ಹಿತ್ತಲಿನ ಸಣ್ಣ ಶೆಡ್ಡಿನಲ್ಲಿ ಮಣೂಕ ಮಾಡುತ್ತಿದ್ದಳು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಅದೇ ಊರಲ್ಲಿ ಬೇರೆಯವರ ದೊಡ್ಡ ಶೆಡ್ಡಿಗೆ ಕೂಲಿ ಹೋಗುತ್ತಿದ್ದೆ. ಗಂಧಕ ಸುಟ್ಟು ಮಣೂಕಕ್ಕೆ ಹೊಗೆ ಕೊಡುವುದೇ ನನ್ನ ಕೆಲಸ. ಹೊಗೆ ಹಿಡಿದರೆ ಬಣ್ಣ ಬರುತ್ತದೆ, ಬಣ್ಣ ಬಂದರೆ ಗಿರಾಕಿ ಬರುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು. ಅಕ್ಕ ಮಾತ್ರ ಹೊಗೆ ಮುಟ್ಟಿಸುತ್ತಿರಲಿಲ್ಲ. ಅವಳ ಮಣೂಕ ಕಪ್ಪಗೆ, ಸುಕ್ಕುಸುಕ್ಕಾಗಿ ಇರುತ್ತಿತ್ತು.

ನಮ್ಮ ಶೆಡ್ಡಿಗೆ ಬರುವ ದಲ್ಲಾಳಿ ಒಮ್ಮೆ ಅದನ್ನು ಅಂಗೈಯಲ್ಲಿ ಹಿಡಿದು, “ಏನೋ ಇದು, ನಿಮ್ಮಕ್ಕ ಆಡಿನ ಹಿಕ್ಕಿ ಮಾರಾಕತ್ತಾಳೇನ್?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಚುಚ್ಚಿತು.

ಆ ವರ್ಷ ಬೆಳಗಾವಿಯ ಒಂದು ಬೇಕರಿಯವರು ಅಕ್ಕನ ಮಣೂಕವನ್ನು ಮಹಿಳಾ ಸಂಘದ ಮೇಳದಲ್ಲಿ ತಿಂದು ನೋಡಿ ಮೆಚ್ಚಿದ್ದರು. ಬೇಕರಿಯವರ ಹೆಂಡತಿಗೆ ದಮ್ಮು. ಹೊಗೆ ಹಿಡಿದ ಮಣೂಕ ಬಾಯಿಗೆ ಹೋದರೆ ಎದೆ ಕಟ್ಟುತ್ತಿತ್ತಂತೆ. ಕ್ರಿಸ್‌ಮಸ್ ಕೇಕಿಗೆ ಅಕ್ಕನ ಮಾಲೇ ಬೇಕು, ಚೆನ್ನಾಗಿದ್ದರೆ ವರ್ಷವಿಡೀ ಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು. ಅಕ್ಕನ ಗಂಡ ಆಗಲೇ ಗದರಿಸಿದ್ದ: “ಈ ಸರ್ತಿ ನಿನ್ನ ಮಾಲ್ ಹೋಗಲಿಲ್ಲಂದ್ರ ಆ ಶೆಡ್ಡಿನ್ಯಾಗ ಎಮ್ಮಿ ಕಟ್ಟತೀನಿ ನೋಡು.” ಅಕ್ಕ ಶೆಡ್ಡು ಗುಡಿಸುತ್ತಲೇ ಇದ್ದಳು.

ಮಾಲು ಒಯ್ಯುವ ಹಿಂದಿನ ದಿನ ಅವಳು ಒಂದು ಸಾವಿನ ಮನೆಗೆ ಹೋಗಬೇಕಾಯಿತು. ಆರಿಸಿ ಬಾಕ್ಸಿಗೆ ತುಂಬುವ ಕೆಲಸ ನನಗೆ ಒಪ್ಪಿಸಿ ಹೋದಳು. ನಾನು ಆರಿಸುತ್ತ ಕುಳಿತೆ. ಕೈಯಲ್ಲಿ ಹಿಡಿದಾಗಲೆಲ್ಲ ದಲ್ಲಾಳಿಯ ಮಾತು ನೆನಪಾಯಿತು. ಪಟ್ಟಣದ ಜನರ ಮುಂದೆ ಅಕ್ಕನನ್ನು ನೋಡಿ ಯಾರಾದರೂ ಹಾಗೆ ನಕ್ಕರೆ... ಬೇಕರಿಯವರು ಹೇಳಿದ್ದು ನನಗೆ ಗೊತ್ತಿರಲಿಲ್ಲವೆಂದಲ್ಲ. ಒಂದು ಸ್ವಲ್ಪ ಹೊಗೆಯಿಂದ ಏನಾಗುತ್ತದೆ ಅಂದುಕೊಂಡೆ. ಮಣೂಕಕ್ಕೆ ನೀರು ಚಿಮುಕಿಸಿ, ತಾಡಪತ್ರಿ ಮುಚ್ಚಿ, ನಮ್ಮ ಶೆಡ್ಡಿನಿಂದ ತಂದ ಗಂಧಕ ಹಚ್ಚಿದೆ. ಸಂಜೆಗೆ ಕಪ್ಪು ಹೋಗಿ ತುಸು ಕೆಂಪಗೆ ಹೊಳೆಯಿತು. ಆರಹಾಕಿ, ಬಾಕ್ಸಿಗೆ ತುಂಬಿ, ಟೇಪು ಹಚ್ಚಿಬಿಟ್ಟೆ. ಅಕ್ಕ ಬಂದಾಗ ಹೇಳಿ ಖುಷಿಪಡಿಸಬೇಕೆಂದಿದ್ದೆ. ಅತ್ತು ಬಾಡಿದ ಅವಳ ಮುಖ ನೋಡಿದ ಮೇಲೆ ಹೇಳಲು ಧೈರ್ಯ ಬರಲಿಲ್ಲ.

ಬೆಳಿಗ್ಗೆ ಟೆಂಪೋದಲ್ಲಿ ಚಾಲಕನ ಪಕ್ಕಕ್ಕೆ ನಾನು, ನನ್ನ ಪಕ್ಕಕ್ಕೆ ಅಕ್ಕ. ಅವಳು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಚಿಕ್ಕೋಡಿಯಲ್ಲಿ ಚಹಾಕ್ಕೆ ನಿಂತೆವು. ಮಾಲು ಒಯ್ಯುವಾಗ ಮೊದಲ ಹಿಡಿ ಗಾಡಿಯವನಿಗೆ ಕೊಡುವುದು ಅಕ್ಕನ ಪದ್ಧತಿ.

“ತಮ್ಮಾ, ಒಂದ್ ಬಾಕ್ಸ್ ಬಿಚ್ಚು. ಇವರ ಬಾಯಿ ಸಿಹಿ ಮಾಡೂಣು.”

“ಬ್ಯಾಡಬೇ. ಟೇಪ್ ಹಚ್ಚೀನಿ, ಬಾಕ್ಸ್ ಹರೀತೈತಿ.”

“ಹರದ್ರ ಹರೀಲಿ, ಬಾಕ್ಸ್ ತಿಂತಾರೇನ್ ಅವರು?” ಚಾಲಕ ನಕ್ಕು, “ಇರಲಿ ಬಿಡ್ರಿ ಅಕ್ಕಾರ, ಬರುವಾಗ ಕೇಕೇ ಕೊಡಸ್ರಿ” ಎಂದ. ಅಲ್ಲಿಯೇ ಹೇಳಬಹುದಿತ್ತು. ಗಾಡಿ ತಿರುಗಿಸಬಹುದಿತ್ತು. ಬೆಳಗಾವಿಯವರೆಗೂ ದಾರಿಯ ಮೈಲಿಗಲ್ಲು ಎಣಿಸುತ್ತ ಕುಳಿತೆ.

ಬೇಕರಿಯ ಮುಂದೆ ಕಾಗದದ ನಕ್ಷತ್ರ ತೂಗುಹಾಕಿದ್ದರು. ಒಳಗೆ ದೊಡ್ಡ ಪಾತ್ರೆಗಳು ಸಾಲಾಗಿ ಕಾದಿದ್ದವು. ಕೇಕಿನ ಮಣೂಕವನ್ನು ಹಣ್ಣಿನ ರಸದಲ್ಲಿ ಅಂದೇ ನೆನೆಹಾಕಬೇಕಿತ್ತು. ಬೇಕರಿಯವರ ಹೆಂಡತಿ ನಗುತ್ತ ಬಂದರು. ತಾವೇ ಬಾಕ್ಸ್ ಬಿಚ್ಚಿ ಒಂದು ಹಿಡಿ ತೆಗೆದು ಬಾಯಿಗೆ ಒಯ್ದರು.

ಕೆಂಪಗೆ ಹೊಳೆಯುವ ಮಣೂಕ ಕಂಡದ್ದೇ ಅಕ್ಕ ಅವರ ಮಣಿಕಟ್ಟು ಹಿಡಿದುಬಿಟ್ಟಳು.

“ತಿನ್ನಬ್ಯಾಡ್ರಿ ಬಾಯಾರ! ಹೊಗಿ ಬಡದೈತ್ರಿ ಇದಕ.”

ಆ ಅಮ್ಮನವರ ಕೈಯಿಂದ ಮಣೂಕ ನೆಲಕ್ಕೆ ಬಿತ್ತು. “ಹೊಗಿ ಇಲ್ಲಂತ ನೀವ ಹೇಳಿದ್ರಲ್ಲರಿ?” ಎಂದರು. ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಿತ್ತು ಆ ದನಿಯಲ್ಲಿ.

ಅಕ್ಕ ನನ್ನತ್ತ ನೋಡಿದಳು. ಬೈಯುವ ನೋಟವಲ್ಲ ಅದು. ಬಾಯಿ ಬಿಡು ಎಂದು ಕಾಯುವ ನೋಟ. ನಾನು ಬಗ್ಗಿ ನೆಲದ ಮೇಲಿನ ಮಣೂಕ ಒಂದೊಂದೇ ಆರಿಸತೊಡಗಿದೆ.

“ನನ್ನಿಂದ ತಪ್ಪಾತ್ರಿ,” ಎಂದಳು ಅಕ್ಕ.

ಬಾಕ್ಸುಗಳನ್ನು ನಾವೇ ಮತ್ತೆ ಗಾಡಿಗೆ ಹೇರಿದೆವು. ಬೇಕರಿಯವರು ಬೇರೆ ಕಡೆ ಫೋನು ಹಚ್ಚಿದ್ದರು. ಸಂಕೇಶ್ವರ ದಾಟಿದ ಮೇಲೆ ಅಕ್ಕ ಹೊರಗೆ ನೋಡುತ್ತಲೇ, “ಮನ್ಯಾಗ ಕೇಳಿದ್ರ ಮಾಲ್ ಒದ್ದಿ ಆಗಿತ್ತಂತ ಹೇಳು. ನಿನ್ನ ಹೆಸರ ತಗದ್ರ ನಮ್ಮ ಮನಿಯವರು ನಿನ್ನ ಹೊಸ್ತಲಾ ತುಳಸಂಗಿಲ್ಲ” ಎಂದಳು. ನಾನು ಹಾಗೆಯೇ ಹೇಳಿದೆ. ಕೇಳಿದವರಿಗೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಊರಿಗೆ ಅದೇ ನಿಜವಾಯಿತು. ಹಸಿ ಮಾಲು ಒಯ್ದು ಪಟ್ಟಣದಲ್ಲಿ ಮರ್ಯಾದೆ ಕಳೆದುಕೊಂಡವಳು ಎಂದು ಅಕ್ಕನನ್ನು ಆಡಿಕೊಂಡರು. ಶೆಡ್ಡಿಗೆ ಎಮ್ಮೆಗಳು ಬಂದವು. ಅಕ್ಕ ಬೇರೆಯವರ ಶೆಡ್ಡಿಗೆ ಮಣೂಕ ಆರಿಸಲು ಹೋದಳು... ನನ್ನ ಎದುರಿಗೇ ಕುಳಿತು ಆರಿಸುತ್ತಿದ್ದಳು. ಒಂದು ದಿನವೂ ಆ ಮಾತು ಎತ್ತಲಿಲ್ಲ. ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು.

ಈಗ ಅಕ್ಕನ ಮಗಳು ಅದೇ ಶೆಡ್ಡು ತೊಳೆದು ಮಣೂಕ ಮಾಡಿದ್ದಾಳೆ. ಈ ಕ್ರಿಸ್‌ಮಸ್ಸಿಗೆ ಬೆಳಗಾವಿಯ ಬೇರೊಂದು ಬೇಕರಿಗೆ ಕೊಡುವವಳು. ನಿನ್ನೆ ಬಾಕ್ಸ್ ಎತ್ತಿಕೊಡಲು ಹೋಗಿದ್ದೆ. ಅವಳು ಮುಚ್ಚಿದ ಬಾಕ್ಸನ್ನೇ ಮತ್ತೆ ಮತ್ತೆ ಬಿಚ್ಚಿ, ಒಳಗೆ ಕೈಹಾಕಿ ಮುಟ್ಟಿ ನೋಡುತ್ತಿದ್ದಳು.

“ಎಷ್ಟ್ ಸಲ ನೋಡ್ತೀಯವಾ?” ಎಂದೆ.

“ಅವ್ವನಂಗ ಒದ್ದಿ ಮಾಲ್ ಒಯ್ದ ಹೆಸರ ಕೆಡಸ್ಕೋಬಾರದಲ್ಲ ಮಾಮಾ.”

ಬಾಕ್ಸ್ ಕೆಳಗಿಟ್ಟೆ. ಎಲ್ಲವನ್ನೂ ಹೇಳಿದೆ. ಗಂಧಕ, ಚಿಕ್ಕೋಡಿ, ನೆಲದ ಮೇಲೆ ಆರಿಸುತ್ತ ಕುಳಿತದ್ದು. ಕೇಳುತ್ತಲೇ ಅವಳು ಬಿಚ್ಚಿದ್ದ ಬಾಕ್ಸಿಗೆ ಮತ್ತೆ ಟೇಪು ಹಚ್ಚಿದಳು.

“ಇದನ್ನ ಅವ್ವನ ಮುಂದ ಹೇಳಬೇಕಿತ್ತ ಮಾಮಾ,” ಎಂದಳು.

ಅಕ್ಕನಿಗೆ ಗೊತ್ತಿತ್ತು ಎನ್ನಲು ಬಾಯಿ ತೆರೆದೆ... ಮುಚ್ಚಿಕೊಂಡೆ. ಅವಳು ಬಾಗಿ, ನಾನು ಕೆಳಗಿಟ್ಟ ಬಾಕ್ಸನ್ನು ತಾನೇ ಎತ್ತಿಕೊಂಡು ಗಾಡಿಯ ಕಡೆ ನಡೆದಳು.